‘ಗುಣಮುಖ’ ಎಂಬ ಕಾಲಂ

ಹತ್ತೊಂಬತ್ತನೇ ಶತಮಾನದ ಕೊನೆಯ ದಶಕಗಳಲ್ಲಿ ಬಾಂಬೆ ಪ್ರೆಸಿಡೆನ್ಸಿಯ ಸರ್ಕಾರ ತನ್ನ ಹುಚ್ಚಾಸ್ಪತ್ರೆಗಳ ಬಗ್ಗೆ ವರದಿಗಳನ್ನು ಅಚ್ಚು ಹಾಕಿಸುತ್ತಿತ್ತು. ವಿವರಣೆ ಕಡಿಮೆ, ಕೋಷ್ಟಕಗಳು ಹೆಚ್ಚು. ಎಡಬದಿಯಲ್ಲಿ ಊರುಗಳ ಹೆಸರು: ಕೊಲಾಬಾ, ಪುಣೆ, ರತ್ನಾಗಿರಿ, ಧಾರವಾಡ, ಅಹಮದಾಬಾದ್, ಸಿಂಧ್ ಪ್ರಾಂತ್ಯದ ಹೈದರಾಬಾದ್. ಬಲಕ್ಕೆ ಹೋದಂತೆ ಕಾಲಂಗಳು: ವರ್ಷದ ಆರಂಭದಲ್ಲಿ ಇದ್ದವರು, ಹೊಸದಾಗಿ ಬಂದವರು, ಮರಳಿ ಬಂದವರು, ಗುಣಮುಖರಾಗಿ ಹೊರಹೋದವರು, ಸುಧಾರಿಸಿ ಬಂಧುಗಳ ವಶಕ್ಕೆ ಹೋದವರು, ತಪ್ಪಿಸಿಕೊಂಡವರು, ಸತ್ತವರು, ವರ್ಷದ ಕೊನೆಗೆ ಉಳಿದವರು. ಇನ್ನೊಂದು ಪುಟದಲ್ಲಿ ತಲಾ ಖರ್ಚು. ಮತ್ತೊಂದರಲ್ಲಿ ಒಳಗಿದ್ದವರ ದುಡಿಮೆಯಿಂದ ಬಂದ ಆದಾಯ.

ಈ ಆರು ಊರುಗಳ ಪಟ್ಟಿ ಇಂದು ಎರಡು ದೇಶಗಳಿಗೂ ಮೂರು ರಾಜ್ಯಗಳಿಗೂ ಹಂಚಿಹೋಗಿದೆ. 1947ರಲ್ಲಿ ಹೈದರಾಬಾದ್ ಪಾಕಿಸ್ತಾನಕ್ಕೆ ಸೇರಿತು, 1956ರಲ್ಲಿ ಧಾರವಾಡ ಮೈಸೂರು ರಾಜ್ಯಕ್ಕೆ ಬಂತು, 1960ರಲ್ಲಿ ಅಹಮದಾಬಾದ್ ಗುಜರಾತಿನ ದೊಡ್ಡ ನಗರವಾಯಿತು. ಧಾರವಾಡದ ಹುಚ್ಚಾಸ್ಪತ್ರೆ ಈಗ ಡಿಮ್ಹಾನ್ಸ್. ಅಹಮದಾಬಾದಿನದು ದಿಲ್ಲಿ ದರ್ವಾಜಾದ ಹೊರಗೆ ಶಾಹಿಬಾಗ್ ರಸ್ತೆಯಲ್ಲಿರುವ ಸರ್ಕಾರಿ ಮಾನಸಿಕ ಆರೋಗ್ಯ ಆಸ್ಪತ್ರೆ. ಒಂದೇ ಪುಟದ ಎರಡು ಸಾಲುಗಳಾಗಿದ್ದ ಈ ಎರಡು ಸಂಸ್ಥೆಗಳು ನೂರೈವತ್ತು ವರ್ಷಗಳಿಂದ ಒಂದೇ ಪ್ರಶ್ನೆಗೆ ಉತ್ತರ ಬರೆಯುತ್ತ ಬಂದಿವೆ: ಇಲ್ಲಿಗೆ ಬಂದವರಲ್ಲಿ ಎಷ್ಟು ಮಂದಿಗೆ ವಾಸಿಯಾಯಿತು?

ಆ ಕೋಷ್ಟಕದಲ್ಲಿ ಅಹಮದಾಬಾದ್ ಇದೆ, ವಡೋದರಾ ಇಲ್ಲ. ಗಾಯಕವಾಡರ ಬರೋಡಾ ಸಂಸ್ಥಾನಕ್ಕೆ ತನ್ನದೇ ಆಡಳಿತ, ತನ್ನದೇ ವರದಿಗಳು ಇದ್ದವು. ಸೂರತ್ ಬ್ರಿಟಿಷರ ಕೈಯಲ್ಲೇ ಇದ್ದರೂ ಈ ಪಟ್ಟಿಯಲ್ಲಿ ಅದರ ಹೆಸರಿಲ್ಲ. ಮೂರು ನಗರಗಳು ಒಂದೇ ರೈಲುಮಾರ್ಗದ ಮೇಲಿದ್ದರೂ ಮನಸ್ಸಿನ ಕಾಯಿಲೆಯ ಲೆಕ್ಕದಲ್ಲಿ ಮೂರು ಬೇರೆ ದಾರಿ ಹಿಡಿದವು. ಅದರ ಪರಿಣಾಮ ಇಂದಿಗೂ ಉಳಿದಿದೆ.

*

‘ಗುಣಮುಖ’ ಎಂಬ ಕಾಲಮ್ಮನ್ನು ತುಂಬುತ್ತಿದ್ದವರು ಯಾರು? 1858ರಲ್ಲಿ ಜಾರಿಗೆ ಬಂದ ಹುಚ್ಚಾಸ್ಪತ್ರೆಗಳ ಕಾಯ್ದೆಯ ಪ್ರಕಾರ ಪ್ರತಿ ಆಸ್ಪತ್ರೆಗೂ ಸರ್ಕಾರ ನೇಮಿಸಿದ ಸಂದರ್ಶಕರ ಮಂಡಳಿಯಿತ್ತು. ಮೂವರು ಸಂದರ್ಶಕರು ಒಪ್ಪಿ ಸಹಿ ಹಾಕಿದರೆ, ಅವರಲ್ಲಿ ಒಬ್ಬರು ವೈದ್ಯಾಧಿಕಾರಿಯಾಗಿದ್ದರೆ, ಒಳಗಿದ್ದವನನ್ನು ಬಿಡಬಹುದಿತ್ತು. ಒಳಗೆ ಬರುವ ದಾರಿ ಹೆಚ್ಚಾಗಿ ಪೊಲೀಸರದು. ಬೀದಿಯಲ್ಲಿ ಅಲೆಯುತ್ತಿದ್ದವರನ್ನು, ಅಪಾಯಕಾರಿ ಎಂದು ಕಂಡವರನ್ನು ಪೊಲೀಸರು ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸುತ್ತಿದ್ದರು. ಮ್ಯಾಜಿಸ್ಟ್ರೇಟರು ಆಸ್ಪತ್ರೆಗೆ ಕಳಿಸುತ್ತಿದ್ದರು. ಹೀಗೆ ಬಂದವರಲ್ಲಿ ಬಹುಪಾಲು ಬಡವರು. ಒಬ್ಬ ಮನುಷ್ಯ ಗುಣಮುಖನಾದ ಎಂದರೆ ಇನ್ನು ಗಲಾಟೆ ಮಾಡುವುದಿಲ್ಲ, ಬಿಡಬಹುದು ಎಂದು ಮೂವರು ಒಪ್ಪಿದರು ಎಂದೇ ಅರ್ಥ. ಅವನು ಊರಿಗೆ ಮರಳಿ ಏನಾದ ಎಂಬುದಕ್ಕೆ ಕಾಲಂ ಇರಲಿಲ್ಲ. ಮರಳಿ ಬಂದರೆ ಮಾತ್ರ ಮತ್ತೆ ಲೆಕ್ಕಕ್ಕೆ ಸಿಗುತ್ತಿದ್ದ.

ಇದರ ತೊಡಕು ಆಗಲೇ ಕೆಲವರಿಗೆ ಗೊತ್ತಿತ್ತು. ಇಂಗ್ಲೆಂಡಿನ ಯಾರ್ಕ್ ರಿಟ್ರೀಟ್ ಆಸ್ಪತ್ರೆಯ ದಾಖಲೆಗಳನ್ನು ದಶಕಗಳ ಉದ್ದಕ್ಕೆ ಬೆನ್ನುಹತ್ತಿ ನೋಡಿದ ಜಾನ್ ಥರ್ನಮ್ 1845ರಲ್ಲಿ ಒಂದು ಲೆಕ್ಕ ಕೊಟ್ಟಿದ್ದ. ಕಾಯಿಲೆ ಬಿದ್ದ ಹತ್ತು ಮಂದಿಯಲ್ಲಿ ಐವರು ಚೇತರಿಸಿಕೊಳ್ಳುತ್ತಾರೆ. ಆ ಐವರಲ್ಲಿ ಕೊನೆಯವರೆಗೂ ಚೆನ್ನಾಗಿ ಉಳಿಯುವವರು ಇಬ್ಬರಷ್ಟೇ. ಅಮೆರಿಕದ ವೈದ್ಯ ಪ್ಲೈನಿ ಅರ್ಲ್ 1870ರ ದಶಕದಲ್ಲಿ ತನ್ನ ದೇಶದ ಆಸ್ಪತ್ರೆಗಳು ಹೇಳಿಕೊಳ್ಳುತ್ತಿದ್ದ ಭಾರೀ ಗುಣಪ್ರಮಾಣವನ್ನು ಬಿಡಿಸಿ ನೋಡಿದಾಗ, ಆಸ್ಪತ್ರೆಗಳು ಎಣಿಸುತ್ತಿದ್ದದ್ದು ಮನುಷ್ಯರನ್ನಲ್ಲ, ಬಿಡುಗಡೆಗಳನ್ನು ಎಂಬುದು ತಿಳಿಯಿತು. ಒಬ್ಬಳೇ ಹೆಂಗಸು ಹಲವು ಸಲ ಬಂದು ಹಲವು ಸಲ ‘ಗುಣವಾಗಿ’ ಹೋದರೆ ಅಷ್ಟೂ ಸಲ ಆಸ್ಪತ್ರೆಯ ಯಶಸ್ಸಿನ ಪಟ್ಟಿಗೆ ಸೇರುತ್ತಿದ್ದಳು.

ಲೆಕ್ಕದಲ್ಲೇ ಇನ್ನೊಂದು ಸಡಿಲವಿತ್ತು. ಉದಾಹರಣೆಗೆ, ಸರಾಸರಿ ನೂರು ಮಂದಿ ಇರುವ ಆಸ್ಪತ್ರೆಗೆ ವರ್ಷದಲ್ಲಿ ನಲವತ್ತು ಮಂದಿ ಹೊಸಬರು ಬಂದು, ಹದಿನಾರು ಮಂದಿ ಗುಣವಾಗಿ ಹೋದರು ಎಂದುಕೊಳ್ಳೋಣ. ಹೊಸಬರ ಸಂಖ್ಯೆಯಿಂದ ಭಾಗಿಸಿದರೆ ಗುಣಪ್ರಮಾಣ ಶೇ 40. ಒಳಗಿರುವವರ ಸರಾಸರಿಯಿಂದ ಭಾಗಿಸಿದರೆ ಶೇ 16. ಎರಡೂ ಸುಳ್ಳಲ್ಲ. ಮೊದಲನೆಯದನ್ನು ಬರೆದ ಅಧಿಕಾರಿಗೆ ಮೆಚ್ಚುಗೆ ಸಿಗುತ್ತದೆ, ಎರಡನೆಯದನ್ನು ಬರೆದವನಿಗೆ ವಿವರಣೆ ಕೇಳುವ ಪತ್ರ ಬರುತ್ತದೆ. ಹತ್ತು ವರ್ಷಗಳಿಂದ ಒಳಗೇ ಇರುವ ಮುದುಕ ಮೊದಲನೆಯ ಲೆಕ್ಕದಲ್ಲಿ ಎಲ್ಲೂ ಕಾಣುವುದಿಲ್ಲ.

ಈ ಕೋಷ್ಟಕಗಳ ಮೇಲೆ ಸರ್ಕಾರವೇ ಒಮ್ಮೆ ತನಿಖೆ ಮಾಡಿಸಬೇಕಾಗಿ ಬಂತು. ಭಾರತದ ಹುಚ್ಚಾಸ್ಪತ್ರೆಗಳು ಗಾಂಜಾ ಸೇದಿದವರಿಂದ ತುಂಬಿವೆ ಎಂಬ ಮಾತು ಬ್ರಿಟಿಷ್ ಸಂಸತ್ತಿನವರೆಗೆ ಹೋಗಿತ್ತು. ಆಧಾರ ಇದೇ ವಾರ್ಷಿಕ ವರದಿಗಳ ‘ಕಾರಣ’ ಎಂಬ ಕಾಲಂ. 1893ರಲ್ಲಿ ನೇಮಕವಾದ ಗಾಂಜಾ ಆಯೋಗ, ಅಹಮದಾಬಾದ್ ಧಾರವಾಡಗಳಿದ್ದ ಬಾಂಬೆ ಪ್ರೆಸಿಡೆನ್ಸಿಯೂ ಸೇರಿ, ಬ್ರಿಟಿಷ್ ಭಾರತದ ಆಸ್ಪತ್ರೆಗಳ ದಾಖಲೆಗಳನ್ನು ತರಿಸಿ ನೋಡಿತು. 1892ರಲ್ಲಿ ಸೇರಿದವರ ಪ್ರಕರಣಗಳನ್ನು ಒಂದೊಂದಾಗಿ ಮರುಪರಿಶೀಲಿಸಿತು. ಗಾಂಜಾದಿಂದ ಹುಚ್ಚು ಹಿಡಿದವರು ಎಂದು ಬರೆದಿದ್ದ ಪ್ರಕರಣಗಳಲ್ಲಿ ಅರ್ಧಕ್ಕೂ ಹೆಚ್ಚು ಆ ಪರಿಶೀಲನೆಯಲ್ಲಿ ನಿಲ್ಲಲಿಲ್ಲ. ಕಾರಣದ ಕಾಲಂ ಬಹಳ ಸಲ ಪೊಲೀಸರ ಚೀಟಿಯಿಂದ ನೇರ ನಕಲಾಗಿತ್ತು. ನಮೂನೆಯಲ್ಲಿ ಜಾಗ ಖಾಲಿ ಬಿಡುವಂತಿಲ್ಲ. ಕಾರಣ ಗೊತ್ತಿಲ್ಲದ ಪೇದೆಗೆ ಗಾಂಜಾ ಎಂದು ಬರೆಯುವುದು ಸುಲಭ. ಆ ಪದ ಠಾಣೆಯಿಂದ ಮ್ಯಾಜಿಸ್ಟ್ರೇಟರಿಗೆ, ಅಲ್ಲಿಂದ ಆಸ್ಪತ್ರೆಗೆ, ಅಲ್ಲಿಂದ ಬಾಂಬೆಯ ಅಚ್ಚುಮನೆಗೆ, ಅಲ್ಲಿಂದ ಲಂಡನ್ನಿಗೆ ಹೋಗುವಷ್ಟರಲ್ಲಿ ವಿಜ್ಞಾನವಾಗಿರುತ್ತಿತ್ತು.

ಆಯೋಗ 1894ರಲ್ಲಿ ವರದಿ ಕೊಟ್ಟಿತು. ಹೊರಗಿನವರು ಬಂದು ಆಸ್ಪತ್ರೆಯ ಅಂಕಿಗಳನ್ನೇ ಪರೀಕ್ಷೆಗೆ ಒಡ್ಡಿದ್ದ ದೊಡ್ಡ ಪ್ರಯತ್ನ ಅದು. ಆದರೆ ಅದು ಕೇಳಿದ್ದು ಕಾರಣದ ಬಗ್ಗೆ ಮಾತ್ರ. ‘ಗುಣಮುಖ’ ಎಂಬ ಕಾಲಮ್ಮನ್ನು ಯಾರೂ ಹಾಗೆ ಬಿಡಿಸಿ ನೋಡಲಿಲ್ಲ.

*

1912ರಲ್ಲಿ ಹೊಸ ಕಾಯ್ದೆ ಬಂತು. 1920ರ ದಶಕದಲ್ಲಿ ಹುಚ್ಚಾಸ್ಪತ್ರೆಗಳ ಹಲಗೆ ಬದಲಾಗಿ ‘ಮೆಂಟಲ್ ಹಾಸ್ಪಿಟಲ್’ ಎಂದಾಯಿತು. ಗೋಡೆಗಳು ಬದಲಾಗಲಿಲ್ಲ. ಸ್ವಾತಂತ್ರ್ಯದ ಹೊಸ್ತಿಲಲ್ಲಿ ಭೋರ್ ಸಮಿತಿಗಾಗಿ ಕರ್ನಲ್ ಟೇಲರ್ ಮಾನಸಿಕ ಆಸ್ಪತ್ರೆಗಳ ಸ್ಥಿತಿ ಪರಿಶೀಲಿಸಿದಾಗ, ಅವುಗಳಲ್ಲಿ ಹೆಚ್ಚಿನವು ಹಳೆಯವು, ಕೂಡಿಹಾಕುವುದಕ್ಕೆಂದೇ ಕಟ್ಟಿದವು, ವಾಸಿಮಾಡುವ ಉದ್ದೇಶಕ್ಕೆ ಒಗ್ಗದವು ಎಂದು ಬರೆದರು. 1946ರ ಆ ವರದಿಯಲ್ಲಿ ಎದ್ದು ಕಾಣುವ ಅಂಕಿ ಹಾಸಿಗೆಯದು: ಭಾರತದಲ್ಲಿ 40,000 ಜನರಿಗೆ ಒಂದು, ಇಂಗ್ಲೆಂಡಿನಲ್ಲಿ 300 ಜನರಿಗೆ ಒಂದು. ಮುಂದಿನ ಕೆಲವು ದಶಕ ಸರ್ಕಾರಗಳಿಗೆ ಮಾನಸಿಕ ಆರೋಗ್ಯವೆಂದರೆ ಹಾಸಿಗೆಗಳ ಸಂಖ್ಯೆಯೇ ಆಯಿತು. ಕೊರತೆ ನಿಜವಾದದ್ದೇ. ಆದರೆ ಹಾಸಿಗೆ ತುಂಬಿದೆ ಎಂಬುದು ಚಿಕಿತ್ಸೆ ಸಿಗುತ್ತಿದೆ ಎಂಬುದಕ್ಕೆ ಪುರಾವೆಯಲ್ಲ. ಮನೆಯವರು ಕರೆದುಕೊಂಡು ಹೋಗದವರಿಂದಲೂ ಹಾಸಿಗೆ ತುಂಬುತ್ತದೆ.

ಅದೇ ಹೊತ್ತಿಗೆ ಅಹಮದಾಬಾದಿನಲ್ಲಿ ಬೇರೆಯದೇ ಒಂದು ಪ್ರಯೋಗ ಶುರುವಾಯಿತು. ಸಾಬರಮತಿಯ ಪೂರ್ವ ದಂಡೆಯ ಹಳೆ ನಗರದ ಬಳಿ ಸರ್ಕಾರಿ ಆಸ್ಪತ್ರೆ ಇದ್ದರೆ, ನದಿಯ ಪಶ್ಚಿಮಕ್ಕೆ ಆಶ್ರಮ ರಸ್ತೆಯಲ್ಲಿ ಗೌತಮ್ ಸಾರಾಭಾಯಿ ಮತ್ತು ಕಮಲಿನಿ ಸಾರಾಭಾಯಿ 1951ರಲ್ಲಿ ಬಿ. ಎಂ. ಇನ್‌ಸ್ಟಿಟ್ಯೂಟ್ ಕಟ್ಟಿದರು. ಗಿರಣಿ ಮಾಲೀಕರ ಮನೆತನದ ಹಣ, ಲಂಡನ್ನಿನಲ್ಲಿ ಕಲಿತ ಮನೋವಿಶ್ಲೇಷಣೆ, ಮಕ್ಕಳ ಮತ್ತು ಕುಟುಂಬಗಳ ಮೇಲಿನ ಗಮನ ಇವು ಅದರ ಬಂಡವಾಳ. ಅಲ್ಲಿ ಒಬ್ಬ ಹುಡುಗನಿಗೆ ಎಷ್ಟು ವಾಸಿಯಾಯಿತು ಎಂಬುದನ್ನು ತಿಂಗಳುಗಟ್ಟಲೆ ನಡೆದ ಮಾತುಕತೆಯ ಟಿಪ್ಪಣಿಯಿಂದ ತಿಳಿಯಬೇಕಿತ್ತು. ಅವನು ಶಾಲೆಗೆ ಮರಳಿದನೇ, ಅಪ್ಪನ ಎದುರು ಮಾತಾಡುತ್ತಾನೆಯೇ ಎಂಬಂಥ ವಿವರಗಳು ಯಾವ ವಾರ್ಷಿಕ ಕೋಷ್ಟಕಕ್ಕೂ ಹೊಂದುವುದಿಲ್ಲ. ನದಿಯ ಒಂದು ದಡದಲ್ಲಿ ಮನುಷ್ಯರಿಲ್ಲದ ಅಂಕಿಗಳು, ಇನ್ನೊಂದು ದಡದಲ್ಲಿ ಕೂಡಿಸಲು ಬಾರದ ಕಥೆಗಳು. ಎರಡನ್ನೂ ಸೇರಿಸುವ ಕೆಲಸಕ್ಕೆ ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಹಿಡಿಯಿತು.

*

ನಡುವೆ ಬಂದದ್ದು ಮಾತ್ರೆಗಳು. 1952ರಲ್ಲಿ ಫ್ರಾನ್ಸಿನಲ್ಲಿ ಕ್ಲೋರ್‌ಪ್ರೊಮಜೀನ್ ಮೊದಲು ಬಳಕೆಗೆ ಬಂದು, ಆ ದಶಕ ಮುಗಿಯುವುದರೊಳಗೆ ಜಗತ್ತಿನ ಆಸ್ಪತ್ರೆಗಳ ರೂಪವನ್ನೇ ಬದಲಿಸಿತು. ಒಂದು ಮಾತ್ರೆ ಇನ್ನೊಂದಕ್ಕಿಂತ ಮೇಲೆ ಎಂದು ತೋರಿಸಬೇಕಾದರೆ ಅಳತೆಗೋಲು ಬೇಕು. 1960ರಲ್ಲಿ ಮ್ಯಾಕ್ಸ್ ಹ್ಯಾಮಿಲ್ಟನ್ ಖಿನ್ನತೆಗೆ ಹದಿನೇಳು ಅಂಶಗಳ ಮಾಪಕ ಕೊಟ್ಟ. ಅದರಲ್ಲಿ ನಿದ್ರೆಗೇ ಮೂರು ಅಂಶ. ಹಾಗಾಗಿ ನಿದ್ರೆ ತರಿಸುವ ಮಾತ್ರೆ ಕೊಟ್ಟರೆ, ಮನಸ್ಸು ಅಲ್ಲೇ ಇದ್ದರೂ, ಒಟ್ಟು ಅಂಕ ಇಳಿಯುತ್ತದೆ. 2001ರಲ್ಲಿ ಬಂದ ಪಿಎಚ್‌ಕ್ಯೂ-9 ರೋಗಿಯೇ ತುಂಬಬಹುದಾದ ಒಂಬತ್ತು ಪ್ರಶ್ನೆಗಳ ಹಾಳೆ. ಕಳೆದ ಎರಡು ವಾರದ ಬಗ್ಗೆ ಕೇಳುತ್ತದೆ. ಒಟ್ಟು 27 ಅಂಕ. 5ಕ್ಕಿಂತ ಕೆಳಗೆ ಬಂದರೆ ಕಾಯಿಲೆ ಇಳಿದಿದೆ ಎಂದು ಲೆಕ್ಕ. ಒಬ್ಬ ವೈದ್ಯ ತನ್ನ ರೋಗಿಗಳ ಅಂಕಗಳನ್ನು ತಿಂಗಳು ತಿಂಗಳು ನೋಡುತ್ತ ಹೋದರೆ ಯಾರ ಚಿಕಿತ್ಸೆ ಬದಲಿಸಬೇಕು ಎಂಬುದು ಬೇಗ ತಿಳಿಯುತ್ತದೆ. ಜ್ವರದ ಪಟ್ಟಿ ಬರೆದಂತೆ.

ಈ ಹಾಳೆ ಸೂರತ್‌ಗೆ ಬಂದಾಗ ಏನಾಗುತ್ತದೆ ಎಂಬುದನ್ನು ನೋಡಬೇಕು. ಗುಜರಾತಿನಲ್ಲಿ ಸರ್ಕಾರದ ಮಾನಸಿಕ ಆರೋಗ್ಯ ಆಸ್ಪತ್ರೆಗಳು ನಾಲ್ಕು: ಅಹಮದಾಬಾದ್, ವಡೋದರಾ, ಜಾಮ್‌ನಗರ, ಭುಜ್. 2011ರ ಜನಗಣತಿಯಲ್ಲೇ ನಲವತ್ತನಾಲ್ಕು ಲಕ್ಷ ದಾಟಿದ್ದ ಸೂರತ್‌ಗೆ ಅಂಥದ್ದಿಲ್ಲ. ಹತ್ತಿರದ್ದು ವಡೋದರಾದ ಕಾರೇಲಿಬಾಗ್‌ನಲ್ಲಿ, ಸುಮಾರು 150 ಕಿಲೋಮೀಟರ್ ದೂರ. ಸೂರತ್‌ನಲ್ಲಿ ಸರ್ಕಾರಿ ಚಿಕಿತ್ಸೆ ಸಿಗುವುದು ವೈದ್ಯಕೀಯ ಕಾಲೇಜಿನ ಸಾಮಾನ್ಯ ಆಸ್ಪತ್ರೆಯ ಮನೋವೈದ್ಯ ವಿಭಾಗದಲ್ಲಿ. ಇದರಲ್ಲಿ ಒಳ್ಳೆಯದೂ ಇದೆ. ಎತ್ತರದ ಗೋಡೆಯೊಳಗೆ ವರ್ಷಗಟ್ಟಲೆ ಉಳಿಯುವ ಭಯವಿಲ್ಲ. ಕಣ್ಣು ತೋರಿಸಲು ಬಂದವರ ಸಾಲಿನ ಪಕ್ಕದಲ್ಲೇ ಮನಸ್ಸಿನ ಚೀಟಿಯ ಸಾಲು. ಆದರೆ ಹೊರರೋಗಿ ವಿಭಾಗದ ದಾಖಲೆಯಲ್ಲಿ ಬಂದವರು ಕಾಣುತ್ತಾರೆ, ಬಾರದೇ ಹೋದವರು ಕಾಣುವುದಿಲ್ಲ. ಎರಡನೇ ಸಲ ಬರದವನಿಗೆ ವಾಸಿಯಾಯಿತೇ, ಮಗ್ಗದ ಪಾಳಿ ಬದಲಾಗಿ ಬರಲಾಗಲಿಲ್ಲವೇ, ಒಡಿಶಾದ ತನ್ನೂರಿಗೆ ಹೊರಟುಹೋದನೇ, ಸತ್ತೇಹೋದನೇ? ನಾಲ್ಕಕ್ಕೂ ದಾಖಲೆಯಲ್ಲಿ ಒಂದೇ ಖಾಲಿ ಜಾಗ.

ಭಾಷೆಯ ತೊಡಕು ಬೇರೆ. ಸೂರತ್‌ನ ವಿದ್ಯುತ್ ಮಗ್ಗಗಳಲ್ಲಿ ಒಡಿಯಾ, ತೆಲುಗು, ಮರಾಠಿ, ಹಿಂದಿ ಆಡುವವರು ದುಡಿಯುತ್ತಾರೆ. ಗುಜರಾತಿಯಲ್ಲೇ ನೋಡಿದರೂ ಸಂಕಟವನ್ನು ಹೇಳುವ ಪದ ‘ಗಭರಾಮಣ್’. ನಮ್ಮ ‘ಗಾಬರಿ’ಯ ಸೋದರಸಂಬಂಧಿ ಅದು. ಎದೆ ಹಿಂಡಿದಂತಾಗುವುದು, ಉಸಿರು ಸಿಕ್ಕಿದಂತಾಗುವುದು, ಏನೋ ಕೆಟ್ಟದ್ದಾಗುತ್ತದೆ ಎನ್ನಿಸುವುದು ಎಲ್ಲ ಅದರಲ್ಲಿ ಸೇರಿವೆ. ಪಿಎಚ್‌ಕ್ಯೂ-9ರ ಒಂಬತ್ತು ಪ್ರಶ್ನೆಗಳಲ್ಲಿ ಅದಕ್ಕೆ ನೇರವಾದ ಜಾಗವಿಲ್ಲ. ಹೀಗಾಗಿ ಅಂಕ ಇಳಿದರೂ ರೋಗಿ ತನಗೆ ಹಾಗೇ ಇದೆ ಎನ್ನಬಹುದು. ಇಬ್ಬರೂ ಸುಳ್ಳು ಹೇಳುತ್ತಿರುವುದಿಲ್ಲ.

ಅಳತೆಗೆ ಹಣ ಸೇರಿಕೊಂಡಾಗ ಇನ್ನೊಂದು ಬಗೆಯ ತೊಡಕು. ಮಾನಸಿಕ ಅಂಗವೈಕಲ್ಯವನ್ನು ಅಳೆಯಲು ಭಾರತೀಯ ಮನೋವೈದ್ಯರ ಸಂಘ ರೂಪಿಸಿದ ‘ಐಡಿಯಾಸ್’ ಎಂಬ ಮಾಪಕವನ್ನು ಕೇಂದ್ರ ಸರ್ಕಾರ 2002ರಲ್ಲಿ ಅಧಿಕೃತಗೊಳಿಸಿತು. ತನ್ನನ್ನು ತಾನು ನೋಡಿಕೊಳ್ಳುವುದು, ಜನರೊಡನೆ ಬೆರೆಯುವುದು, ಮಾತು ಮತ್ತು ಗ್ರಹಿಕೆ, ಕೆಲಸ ಎಂಬ ನಾಲ್ಕು ಅಂಶ, ಜೊತೆಗೆ ಕಾಯಿಲೆಯ ಅವಧಿ. ಒಟ್ಟು 20 ಅಂಕದಲ್ಲಿ 7 ಬಂದರೆ ಶೇ 40 ವೈಕಲ್ಯ. ಪ್ರಮಾಣಪತ್ರ ಮತ್ತು ಸವಲತ್ತಿನ ಬಾಗಿಲು ತೆರೆಯುವುದು ಅಲ್ಲಿಂದ. ಚಿಕಿತ್ಸೆ ಫಲಿಸಿ ಒಬ್ಬ ಮಹಿಳೆ ಮತ್ತೆ ಅಡುಗೆ ಮಾಡತೊಡಗಿದರೆ, ನೆರೆಮನೆಗೆ ಹೋಗಿಬರತೊಡಗಿದರೆ ಅಂಕ 6ಕ್ಕೆ ಇಳಿಯಬಹುದು. ವೈದ್ಯರ ಪಾಲಿಗೆ ಅದು ಯಶಸ್ಸು. ಆ ಮನೆಗೆ ತಿಂಗಳ ಪಿಂಚಣಿಯ ನಷ್ಟ.

*

ರೋಗಿಯನ್ನು ಬಿಟ್ಟು ಆಸ್ಪತ್ರೆಯನ್ನೇ ಅಳೆಯುವ ಕೆಲಸ ಶುರುವಾದದ್ದು ತಡವಾಗಿ, ಅದರ ಬೇರು ಇದ್ದದ್ದು ಬೆಂಗಳೂರಿನಲ್ಲಿ. 1990ರ ದಶಕದ ಕೊನೆಗೆ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ದೇಶದ ಸರ್ಕಾರಿ ಮಾನಸಿಕ ಆಸ್ಪತ್ರೆಗಳ ಸ್ಥಿತಿ ನೋಡಿ ಬರುವಂತೆ ನಿಮ್ಹಾನ್ಸ್‌ಗೆ ಕೇಳಿತು. ತಂಡ 37 ಆಸ್ಪತ್ರೆಗಳನ್ನು ನೋಡಿತು. ಎಷ್ಟು ಶೌಚಾಲಯ, ಎಷ್ಟು ನೀರು, ರಾತ್ರಿ ಎಷ್ಟು ಸಿಬ್ಬಂದಿ, ದಾಖಲೆ ಹೇಗಿದೆ ಎಂಬಂಥ ಪ್ರಶ್ನೆಗಳು. 1999ರಲ್ಲಿ ಬಂದ ವರದಿಯ ಪ್ರಕಾರ ಶೇ 38ರಷ್ಟು ಆಸ್ಪತ್ರೆಗಳು ಇನ್ನೂ ಜೈಲಿನ ರಚನೆಯನ್ನೇ ಉಳಿಸಿಕೊಂಡಿದ್ದವು. ಎರಡು ವರ್ಷ ಕಳೆದು, 2001ರ ಆಗಸ್ಟ್ 6ರ ಬೆಳಗಿನ ಜಾವ, ತಮಿಳುನಾಡಿನ ಏರ್ವಾಡಿಯಲ್ಲಿ ದರ್ಗಾದ ಬಳಿಯ ಗುಡಿಸಿಲಿಗೆ ಬೆಂಕಿ ಬಿತ್ತು. ಸರಪಳಿಯಲ್ಲಿ ಕಟ್ಟಿದ್ದ ಇಪ್ಪತ್ತಕ್ಕೂ ಹೆಚ್ಚು ಮಾನಸಿಕ ರೋಗಿಗಳು ಸುಟ್ಟುಹೋದರು. ಸುಪ್ರೀಂ ಕೋರ್ಟ್ ತಾನಾಗಿಯೇ ಪ್ರಕರಣ ಕೈಗೆತ್ತಿಕೊಂಡಿತು. ಎಷ್ಟು ಮಂದಿಗೆ ವಾಸಿಯಾಯಿತು ಎಂಬ ಹಳೆಯ ಪ್ರಶ್ನೆಯ ಜೊತೆಗೆ, ಚಿಕಿತ್ಸೆಯ ಹೆಸರಿನಲ್ಲಿ ಅವರಿಗೆ ಏನು ಮಾಡಲಾಗುತ್ತಿದೆ ಎಂಬ ಪ್ರಶ್ನೆ ಬಂದು ನಿಂತಿತು.

2007ರಲ್ಲಿ ಭಾರತ ಅಂಗವಿಕಲರ ಹಕ್ಕುಗಳ ವಿಶ್ವಸಂಸ್ಥೆಯ ಒಡಂಬಡಿಕೆಯನ್ನು ಅನುಮೋದಿಸಿತು. ಆ ಒಡಂಬಡಿಕೆಯನ್ನು ಆಧರಿಸಿ ವಿಶ್ವ ಆರೋಗ್ಯ ಸಂಸ್ಥೆ 2012ರಲ್ಲಿ ‘ಕ್ವಾಲಿಟಿರೈಟ್ಸ್’ ಎಂಬ ಸಾಧನವನ್ನು ಹೊರತಂದಿತು. ಐದು ವಿಷಯ: ಮನುಷ್ಯ ಬದುಕಲು ತಕ್ಕ ಸ್ಥಿತಿಗತಿ, ದೇಹ ಮನಸ್ಸು ಎರಡಕ್ಕೂ ಒಳ್ಳೆಯ ಚಿಕಿತ್ಸೆ, ತನ್ನ ಬಗ್ಗೆ ತಾನೇ ತೀರ್ಮಾನಿಸುವ ಹಕ್ಕು ಮತ್ತು ಸ್ವಾತಂತ್ರ್ಯ, ಹಿಂಸೆ ಅವಮಾನಗಳಿಂದ ರಕ್ಷಣೆ, ಸಮುದಾಯದ ನಡುವೆ ಬದುಕುವ ಹಕ್ಕು. ಪ್ರತಿಯೊಂದರಲ್ಲೂ ಪೂರ್ಣ ಸಾಧಿಸಿದೆ, ಭಾಗಶಃ ಸಾಧಿಸಿದೆ, ಆರಂಭಿಸಿದೆ, ಆರಂಭಿಸಿಯೇ ಇಲ್ಲ ಎಂಬ ನಾಲ್ಕು ದರ್ಜೆ. ಅಳೆಯುವ ತಂಡದಲ್ಲಿ ವೈದ್ಯರ ಜೊತೆಗೆ ಚಿಕಿತ್ಸೆ ಪಡೆದವರೂ ಮನೆಯವರೂ ಇರಬೇಕು. 1858ರ ಮೂವರು ಸಂದರ್ಶಕರ ಮಂಡಳಿಗೆ ಇದನ್ನು ಹೋಲಿಸಿದರೆ ಬದಲಾವಣೆ ತಿಳಿಯುತ್ತದೆ. ಅಂದು ಯಾರನ್ನು ನೋಡಿ ಸಹಿ ಹಾಕುತ್ತಿದ್ದರೋ ಅಂಥವರೇ ಈಗ ಹಾಳೆ ಹಿಡಿದು ವಾರ್ಡಿಗೆ ಬರುವಂತಾಯಿತು.

ಇದನ್ನು ದೊಡ್ಡ ಪ್ರಮಾಣದಲ್ಲಿ ಜಾರಿ ಮಾಡಿ, ಫಲ ಬಂತೇ ಎಂದು ಮೊದಲು ಅಳೆದ ಕಡೆ ಗುಜರಾತ್. ಪುಣೆಯ ಇಂಡಿಯನ್ ಲಾ ಸೊಸೈಟಿಯ ಮಾನಸಿಕ ಆರೋಗ್ಯ ಕಾನೂನು ಮತ್ತು ನೀತಿ ಕೇಂದ್ರದ ಮನೋವೈದ್ಯ ಸೌಮಿತ್ರ ಪಠಾರೆ, ವಿಶ್ವ ಆರೋಗ್ಯ ಸಂಸ್ಥೆಯ ಮಿಷೆಲ್ ಫಂಕ್, ಅಹಮದಾಬಾದ್ ಆಸ್ಪತ್ರೆಯ ಮುಖ್ಯಸ್ಥರಾಗಿದ್ದ ಅಜಯ್ ಚೌಹಾಣ್ ಮೊದಲಾದವರು ರಾಜ್ಯ ಸರ್ಕಾರದೊಂದಿಗೆ ಸೇರಿ 2014ರಲ್ಲಿ ಕೆಲಸ ಆರಂಭಿಸಿದರು. ಸರ್ಕಾರ ಆರಿಸಿದ ಆರು ಸಾರ್ವಜನಿಕ ಮಾನಸಿಕ ಆರೋಗ್ಯ ಕೇಂದ್ರಗಳಲ್ಲಿ ತರಬೇತಿ, ಸುಧಾರಣಾ ಯೋಜನೆ, ಚಿಕಿತ್ಸೆ ಪಡೆದು ಚೇತರಿಸಿಕೊಂಡವರೇ ಇತರರಿಗೆ ಆಸರೆಯಾಗುವ ಏರ್ಪಾಡು. ಹೋಲಿಕೆಗೆಂದು ಇವೇನೂ ಇಲ್ಲದ ಬೇರೆ ಮೂರು ಕೇಂದ್ರಗಳು. ಹನ್ನೆರಡು ತಿಂಗಳ ಕೊನೆಗೆ ಅಳತೆ.

ಅಳೆದದ್ದು ರೋಗಲಕ್ಷಣಗಳನ್ನಲ್ಲ. ಸೇವೆಯ ಗುಣಮಟ್ಟ, ರೋಗಿಗಳ ಬಗ್ಗೆ ಸಿಬ್ಬಂದಿಯ ಮನೋಭಾವ, ರೋಗಿಗಳಿಗೆ ತಮ್ಮ ಬದುಕಿನ ಮೇಲೆ ಹಿಡಿತವಿದೆ ಎನಿಸುತ್ತದೆಯೇ, ಸೇವೆ ಅವರಿಗೆ ತೃಪ್ತಿ ಕೊಟ್ಟಿದೆಯೇ, ಆರೈಕೆ ಮಾಡುವ ಮನೆಯವರ ಹೊರೆ ಎಷ್ಟು ಎಂಬುದನ್ನು. ಬ್ರಿಟಿಷ್ ಜರ್ನಲ್ ಆಫ್ ಸೈಕಿಯಾಟ್ರಿ 2019ರಲ್ಲಿ ಫಲಿತಾಂಶವನ್ನು ಪ್ರಕಟಿಸಿತು. ಐದೂ ಕಡೆ ಸುಧಾರಣೆ. ಸೇವೆಯ ಗುಣಮಟ್ಟ ಗಮನಾರ್ಹವಾಗಿ ಮೇಲೇರಿತ್ತು. ಸಿಬ್ಬಂದಿಯ ಮನೋಭಾವದಲ್ಲಿ ಪರಿಣಾಮದ ಪ್ರಮಾಣ 0.17ರಿಂದ 0.50ರವರೆಗೆ. ಮನೆಯವರ ಹೊರೆ ಇಳಿದದ್ದು 0.15. ಸೇವೆಯ ಬಗ್ಗೆ ರೋಗಿಗಳ ತೃಪ್ತಿ 0.09. ಬದುಕಿನ ಮೇಲೆ ಹಿಡಿತವಿದೆ ಎಂಬ ಭಾವ 0.07.

ಈ ನಾಲ್ಕು ಅಂಕಿಗಳನ್ನು ಒಂದರ ಕೆಳಗೊಂದು ಬರೆದು ನೋಡಿದರೆ ಒಂದು ಇಳಿಜಾರು ಕಾಣುತ್ತದೆ. ಬದಲಾವಣೆ ಅತಿ ಹೆಚ್ಚು ಆದದ್ದು ಸಂಬಳ ಪಡೆದು ತರಬೇತಿಗೆ ಕೂತವರಲ್ಲಿ. ನಂತರ ಮನೆಯವರಲ್ಲಿ. ಕೊನೆಯ ಹಾಗೂ ಅತಿ ಸಣ್ಣ ಪಾಲು ಯಾರಿಗಾಗಿ ಇದೆಲ್ಲ ನಡೆಯಿತೋ ಅವರಿಗೆ. ದಾದಿಯ ಮಾತು ಮೃದುವಾದದ್ದು ನಿಜ. ಆದರೆ ಆ ಮೃದುತ್ವ ವಾರ್ಡಿನ ಮಂಚದವರೆಗೆ ಹೋಗಿ, ಅಲ್ಲಿಂದ ಆ ಮನುಷ್ಯನ ಬದುಕಿನೊಳಗೆ ಇಳಿಯುವಷ್ಟರಲ್ಲಿ ತೆಳುವಾಗಿತ್ತು. ಹನ್ನೆರಡು ತಿಂಗಳಲ್ಲಿ ಕೆಲಸ, ಮನೆ, ಮದುವೆ, ಆಸ್ತಿಯ ಪಾಲು ಯಾವುದೂ ಬದಲಾಗದ ವ್ಯಕ್ತಿಗೆ ತನ್ನ ಬದುಕು ತನ್ನ ಕೈಯಲ್ಲಿದೆ ಎನ್ನಿಸುವುದು ಹೇಗೆ? ಆಸ್ಪತ್ರೆ ತನ್ನ ಗೋಡೆಯೊಳಗೆ ಮಾಡಬಹುದಾದದ್ದಕ್ಕೆ ಒಂದು ಮಿತಿ ಇದೆ ಎಂಬುದನ್ನು ಆ ಸಣ್ಣ ಅಂಕಿ ಹೇಳುತ್ತದೆ.

ಅಧ್ಯಯನಕ್ಕೂ ಮಿತಿಗಳಿದ್ದವು. ಕೇಂದ್ರಗಳನ್ನು ಚೀಟಿ ಎತ್ತಿ ಆರಿಸಿದ್ದಲ್ಲ, ಸರ್ಕಾರ ಆರಿಸಿದ್ದು. ಮನೋಭಾವದ ಪ್ರಶ್ನಾವಳಿಗೆ ತರಬೇತಿ ಪಡೆದ ಸಿಬ್ಬಂದಿ ಸರಿಯಾದ ಉತ್ತರ ಯಾವುದೆಂದು ತಿಳಿದೇ ಉತ್ತರಿಸಿರಬಹುದು. ಅಷ್ಟಾದರೂ 0.07ನ್ನು ಮುಚ್ಚಿಡದೆ 0.50ರ ಪಕ್ಕದಲ್ಲೇ ಅಚ್ಚು ಹಾಕಿದ್ದು ಸಣ್ಣ ವಿಷಯವಲ್ಲ. ಹಳೆಯ ವಾರ್ಷಿಕ ವರದಿಯಲ್ಲಿ ಅಂಥ ಅಂಕಿಗೆ ಕಾಲಮ್ಮೇ ಇರಲಿಲ್ಲ.

*

ಗುಜರಾತಿನಲ್ಲಿ ಈ ಕೆಲಸ ನಡೆಯುತ್ತಿದ್ದಾಗಲೇ ದಿಲ್ಲಿಯಲ್ಲಿ ಹೊಸ ಕಾನೂನು ರೂಪುಗೊಳ್ಳುತ್ತಿತ್ತು; ಅದರ ಕರಡಿನ ಕೆಲಸದಲ್ಲೂ ಪಠಾರೆ ಇದ್ದರು. 2017ರಲ್ಲಿ ಅಂಗೀಕಾರವಾಗಿ 2018ರಲ್ಲಿ ಜಾರಿಗೆ ಬಂದ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ರೋಗಿಗಳನ್ನು ಸರಪಳಿಯಲ್ಲಿ ಕಟ್ಟುವುದನ್ನು ನಿಷೇಧಿಸಿತು. ಮುಂದೆ ಕಾಯಿಲೆ ಬಂದರೆ ತನಗೆ ಯಾವ ಚಿಕಿತ್ಸೆ ಬೇಕು, ಯಾವುದು ಬೇಡ ಎಂದು ಮೊದಲೇ ಬರೆದಿಡುವ ಹಕ್ಕು ಕೊಟ್ಟಿತು. ಆಸ್ಪತ್ರೆಗಳು ಕನಿಷ್ಠ ಗುಣಮಟ್ಟ ಪಾಲಿಸುತ್ತಿವೆಯೇ ಎಂದು ಮೂರು ವರ್ಷಕ್ಕೊಮ್ಮೆ ಪರಿಶೀಲಿಸಬೇಕು ಎಂದಿತು. ಮನೆಯವರು ಒಪ್ಪಿಕೊಳ್ಳಲಿಲ್ಲ ಎಂಬ ಒಂದೇ ಕಾರಣಕ್ಕೆ ಯಾರನ್ನೂ ಆಸ್ಪತ್ರೆಯಲ್ಲಿ ಉಳಿಸಿಕೊಳ್ಳುವಂತಿಲ್ಲ ಎಂದು 19ನೇ ಸೆಕ್ಷನ್ ಹೇಳಿತು.

ಆ ಸೆಕ್ಷನ್ನಿಗೂ ವಾಸ್ತವಕ್ಕೂ ಇರುವ ದೂರವನ್ನು 2019ರ ಒಂದು ರಾಷ್ಟ್ರೀಯ ಅಧ್ಯಯನ ಅಳೆಯಿತು. ದೇಶದ 43 ಸರ್ಕಾರಿ ಮಾನಸಿಕ ಆಸ್ಪತ್ರೆಗಳಲ್ಲಿ ಒಂದು ವರ್ಷ ಅಥವಾ ಹೆಚ್ಚು ಕಾಲದಿಂದ ಇದ್ದವರು 4,935 ಮಂದಿ, ಒಳಗಿದ್ದವರಲ್ಲಿ ಶೇ 36.25. ನೂರೈವತ್ತು ವರ್ಷದ ಹಿಂದಿನ ಕೋಷ್ಟಕದಲ್ಲಿ ‘ವರ್ಷದ ಕೊನೆಗೆ ಉಳಿದವರು’ ಎಂಬ ಕಾಲಂ ಇತ್ತಲ್ಲ, ಇವರು ಅಲ್ಲಿಯ ವಾರಸುದಾರರು. ಇವರಲ್ಲಿ ರೋಗಲಕ್ಷಣ ಇಳಿದು ಮನೆಗೆ ಹೋಗಬಲ್ಲವರೂ ಇದ್ದಾರೆ. ಅಂಥವರ ಪಾಲಿಗೆ ಬಾಕಿ ಇರುವ ಚಿಕಿತ್ಸೆ ಎಂದರೆ ಒಂದು ಬಾಡಿಗೆ ಕೋಣೆ, ಒಂದು ಕೆಲಸ, ಬಾಗಿಲು ತೆರೆಯುವ ಒಬ್ಬ ಅಣ್ಣ.

ಹಾಗಾಗಿ ಇತ್ತೀಚಿನ ಅಳತೆಗಳು ಆಸ್ಪತ್ರೆಯಿಂದ ಹೊರಗೆ ನಡೆದಿವೆ. ಅಹಮದಾಬಾದಿನ ಉತ್ತರಕ್ಕಿರುವ ಮೆಹ್ಸಾಣಾ ಜಿಲ್ಲೆಯ 645 ಹಳ್ಳಿಗಳಲ್ಲಿ ‘ಆತ್ಮೀಯತಾ’ ಎಂಬ ಯೋಜನೆಯಡಿ ಊರಿನ ಸ್ವಯಂಸೇವಕರೇ ಸಂಕಟದಲ್ಲಿರುವವರ ಮನೆಗೆ ಹೋಗಿ ಮಾತಾಡಿಸಿದರು, ಅಗತ್ಯವಿದ್ದವರನ್ನು ವೈದ್ಯರ ಬಳಿಗೂ ಸರ್ಕಾರಿ ಸವಲತ್ತಿನ ಕಚೇರಿಗೂ ದಾಟಿಸಿದರು. ಜಿಲ್ಲೆಯನ್ನು ಭಾಗ ಮಾಡಿ, ಯಾವ ಭಾಗಕ್ಕೆ ಮೊದಲು ಯಾವುದಕ್ಕೆ ನಂತರ ಎಂದು ಚೀಟಿ ಎತ್ತಿದಂತೆ ಆರಿಸಿ, ಇನ್ನೂ ಸರದಿ ಬಾರದ ಹಳ್ಳಿಗಳನ್ನು ಹೋಲಿಕೆಗೆ ಇಟ್ಟುಕೊಂಡು ನಡೆದ ಪರೀಕ್ಷೆ ಅದು. ಮೂರು ತಿಂಗಳ ಹೊತ್ತಿಗೆ ಸ್ವಯಂಸೇವಕರು ತಲುಪಿದ ಕಡೆ ಚೇತರಿಸಿಕೊಂಡವರ ಪ್ರಮಾಣ ಸ್ಪಷ್ಟವಾಗಿ ಹೆಚ್ಚಿತ್ತು. ಯುರೋಪ್, ಆಫ್ರಿಕಾ ಮತ್ತು ಏಷ್ಯಾದ ಹಲವು ಊರುಗಳಲ್ಲಿ ನಡೆದ ‘ಅಪ್‌ಸೈಡ್ಸ್’ ಎಂಬ ಅಧ್ಯಯನದಲ್ಲಿ ಗುಜರಾತ್ ಕೂಡ ಪಾಲುಗೊಂಡಿತು. ಕಾಯಿಲೆಯಿಂದ ಚೇತರಿಸಿಕೊಂಡವರು ಇತರರಿಗೆ ಆಸರೆಯಾದರೆ ಏನಾಗುತ್ತದೆ ಎಂಬುದು ಅದರ ಪ್ರಶ್ನೆ. ಅದು ಮುಖ್ಯ ಅಳತೆಯಾಗಿ ಆರಿಸಿಕೊಂಡದ್ದು ಸಾಮಾಜಿಕ ಒಳಗೊಳ್ಳುವಿಕೆಯನ್ನು: ನೆಂಟರು ಬರುತ್ತಾರೆಯೇ, ಹೊರಗೆ ಹೋಗುತ್ತೀರಾ, ನೀವು ಇಲ್ಲಿನವರು ಎನ್ನಿಸುತ್ತದೆಯೇ ಎಂಬ ಬಗೆಯ ವಿಷಯಗಳು.

ಧಾರವಾಡಕ್ಕೂ ಅಹಮದಾಬಾದಿಗೂ ಇಂದು ಸಾಮಾನ್ಯ ಕೋಷ್ಟಕವಿಲ್ಲ. ಇಬ್ಬರಿಗೂ ಅನ್ವಯಿಸುವುದು ಒಂದೇ ಕಾಯ್ದೆ. ಎರಡೂ ಕಡೆ ಬೆಳಿಗ್ಗೆ ಹೊರರೋಗಿ ವಿಭಾಗದ ಮುಂದೆ ಸಾಲು ನಿಲ್ಲುತ್ತದೆ, ಸಂಜೆ ಬಂದವರ ಸಂಖ್ಯೆ ದಾಖಲಾಗುತ್ತದೆ. ಆ ಸಾಲಿನಲ್ಲಿ ನಿಂತ ಮನುಷ್ಯನಿಗೆ ವಾಸಿಯಾಯಿತೇ ಎಂದು ತಿಳಿಯಬೇಕಾದರೆ ಆರು ತಿಂಗಳ ನಂತರ ಅವನನ್ನು ಹುಡುಕಿಕೊಂಡು ಹೋಗಿ, ಅವನ ಭಾಷೆಯಲ್ಲೇ ಕೇಳಬೇಕು. ಅದಕ್ಕೆ ಒಬ್ಬ ಮನುಷ್ಯ, ಬಸ್ಸಿನ ಖರ್ಚು, ಸಮಯ ಬೇಕು. ಆ ಮೂರಕ್ಕೆ ಬಜೆಟ್ಟಿನಲ್ಲಿ ಎಷ್ಟು ಇಟ್ಟಿದ್ದಾರೆ ಎಂದು ನೋಡಿದರೆ, ಒಂದು ಸರ್ಕಾರ ‘ಗುಣಮುಖ’ ಎಂಬ ಕಾಲಮ್ಮನ್ನು ಎಷ್ಟು ಗಂಭೀರವಾಗಿ ತೆಗೆದುಕೊಂಡಿದೆ ಎಂಬುದು ತಿಳಿಯುತ್ತದೆ.